ಹಳೆಯ ಜೀಪಿಗೆ ಹೊಸ ಬೆಳಕು

ಬಲ್ಬು ಬದಲಿಸುವ ಮೊದಲು ತಂತಿಯನ್ನು ನೋಡಿ



ಈ ಪುಟಗಳಲ್ಲಿ ಬೋರ್ಡೋ ದ್ರಾವಣ, ಕೊಳೆರೋಗ, ಬಿಳಿ ಕಾಂಡಕೊರಕ, ಮರಗಸಿ, ಮಾರುಕಟ್ಟೆಯ ಧಾರಣೆ ಮುಂತಾದ ವಿಷಯಗಳನ್ನು ಚರ್ಚಿಸುವುದು ವಾಡಿಕೆ. ಈ ಸಲ ನಾವು ಎತ್ತಿಕೊಂಡಿರುವುದು ಶೆಡ್ಡಿನಲ್ಲಿ ನಿಂತಿರುವ ಹಳೆಯ ಜೀಪಿನ ಹೆಡ್‌ಲೈಟಿನ ವಿಷಯವನ್ನು. ಇದಕ್ಕೂ ತೋಟಕ್ಕೂ ಏನು ಸಂಬಂಧವೆಂದು ಕೆಲವರು ಕೇಳಬಹುದು. ಕಾಫಿ ಕೊಯ್ಲು, ಅಡಕೆ ಕೊಯ್ಲು ಎರಡೂ ಬರುವುದು ಹೊತ್ತು ಬೇಗ ಮುಳುಗುವ ತಿಂಗಳುಗಳಲ್ಲಿ. ಹಣ್ಣು ಅಳೆದು, ಲೆಕ್ಕ ಬರೆದು, ಕೆಲಸದವರನ್ನು ಅವರವರ ಮನೆಗೆ ಬಿಟ್ಟು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ. ಮಳೆಗಾಲದಲ್ಲಂತೂ ಮಧ್ಯಾಹ್ನ ನಾಲ್ಕಕ್ಕೇ ದೀಪ ಹಾಕಬೇಕಾದ ದಿನಗಳುಂಟು. ನಮ್ಮ ಸಣ್ಣ ಬೆಳೆಗಾರರಲ್ಲಿ ಅನೇಕರ ವಾಹನ ಇಪ್ಪತ್ತು ಮೂವತ್ತು ವರ್ಷ ದಾಟಿದ್ದು. ಎಂಜಿನ್ನು ಗಟ್ಟಿಯಾಗಿದೆ, ಗೇರು ಗಟ್ಟಿಯಾಗಿದೆ, ದೀಪ ಮಾತ್ರ ಮಿಣಮಿಣ.

ಇಂಥ ಗಾಡಿಯ ದೀಪವನ್ನು ಉತ್ತಮಪಡಿಸುವುದು ದೊಡ್ಡ ಖರ್ಚಿನ ಕೆಲಸವಲ್ಲ. ಆದರೆ ಸಾಮಾನ್ಯವಾಗಿ ನಾವು ಅದನ್ನು ತಿರುಗುಮುರುಗಾಗಿ ಮಾಡುತ್ತೇವೆ. ಮೊದಲು ದೊಡ್ಡ ಬಲ್ಬು ತರುತ್ತೇವೆ, ಆಮೇಲೆ ತಂತಿ ಸುಟ್ಟಾಗ ತಂತಿ ನೋಡುತ್ತೇವೆ, ಗುರಿ ಹೊಂದಿಸುವುದನ್ನಂತೂ ಮರೆತೇಬಿಡುತ್ತೇವೆ. ಸರಿಯಾದ ಕ್ರಮ ಬೇರೆ. ಮೊದಲು ತಂತಿ, ಆಮೇಲೆ ಡೂಮು ಮತ್ತು ಬಲ್ಬು, ಕೊನೆಗೆ ಗುರಿ. ಈ ಕ್ರಮವನ್ನು ವಿವರಿಸುವುದೇ ಈ ಲೇಖನದ ಉದ್ದೇಶ.

ಏಳು ಇಂಚಿನ ದುಂಡು ದೀಪ

ನಮ್ಮ ಜೀಪಿನ ಮುಂದಿರುವ ದುಂಡು ದೀಪಕ್ಕೆ ದೊಡ್ಡ ಬಳಗವಿದೆ. 1940ರಲ್ಲಿ ಅಮೆರಿಕದಲ್ಲಿ ಏಳು ಇಂಚು ವ್ಯಾಸದ 'ಸೀಲ್ಡ್ ಬೀಮ್' ದೀಪವನ್ನು ಎಲ್ಲ ಕಾರುಗಳಿಗೂ ಒಂದೇ ಅಳತೆಯೆಂದು ಗೊತ್ತುಮಾಡಿದರು. ಗಾಜು, ಕನ್ನಡಿ, ಉರಿಯುವ ತಂತಿ ಎಲ್ಲವೂ ಒಂದೇ ಗಟ್ಟಿಯಾಗಿ ಮುಚ್ಚಿರುವ ದೀಪವದು. ಉರಿದುಹೋದರೆ ಇಡೀ ಗಡ್ಡೆಯನ್ನೇ ಬದಲಿಸಬೇಕು. ಕ್ರಮೇಣ ಈ ಏಳು ಇಂಚಿನ ಅಳತೆ ಪ್ರಪಂಚವನ್ನೆಲ್ಲ ಸುತ್ತಿತು. 1940ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ವಿಲ್ಲೀಸ್ ಜೀಪುಗಳ ಜೋಡಣೆ ಆರಂಭಿಸಿದ ಮಹೀಂದ್ರ ಕಂಪನಿಯ ಜೀಪುಗಳಿಗೂ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಿಡರ್ ಕಾರಿಗೂ ಇದೇ ಅಳತೆಯ ದೀಪ ಬಂತು.

ಇಂಗ್ಲೆಂಡಿನ ಹೆಸರಾಂತ ಸ್ಪೋರ್ಟ್ಸ್ ಕಾರುಗಳಾದ ಎಂ.ಜಿ.ಬಿ. ಮತ್ತು ಜಾಗ್ವಾರ್ ಇ-ಟೈಪ್‌ಗಳ ದೀಪವೂ ಇದೇ ಏಳು ಇಂಚಿನದು. 1960ರ ದಶಕದ ಆ ಕಾರುಗಳನ್ನು ಅಲ್ಲಿನ ಜನ ಇಂದಿಗೂ ಪ್ರೀತಿಯಿಂದ ಕಾಪಾಡಿಕೊಂಡು ಓಡಿಸುತ್ತಾರೆ. ಅವರಿಗೂ ನಮ್ಮದೇ ದೂರು: ದೀಪ ಸಾಲದು. ಆ ಕಾರುಗಳಿಗೆ ವಿದ್ಯುತ್ ಸಾಮಾನು ಒದಗಿಸುತ್ತಿದ್ದುದು ಬರ್ಮಿಂಗ್‌ಹ್ಯಾಮಿನ ಲ್ಯೂಕಸ್ ಕಂಪನಿ. 1961ರಲ್ಲಿ ಟಿ.ವಿ.ಎಸ್. ಸಂಸ್ಥೆಯೊಡನೆ ಸೇರಿ ಮದರಾಸಿನಲ್ಲಿ ಲ್ಯೂಕಸ್-ಟಿ.ವಿ.ಎಸ್. ಸ್ಥಾಪಿಸಿದ್ದೂ ಇದೇ ಕಂಪನಿ. ನಮ್ಮ ಊರಿನ ಮೆಕ್ಯಾನಿಕ್ಕುಗಳಿಗೆ ಈ ಹೆಸರು ಹೊಸದಲ್ಲ. ಇಂಗ್ಲಿಷ್ ಕಾರಿನ ಮಾಲೀಕರು ತಮಾಷೆಗೆ ಕಂಪನಿಯ ಸಂಸ್ಥಾಪಕ ಜೋಸೆಫ್ ಲ್ಯೂಕಸ್‌ಗೆ 'ಕತ್ತಲೆಯ ರಾಜಕುಮಾರ' ಎಂಬ ಅಡ್ಡಹೆಸರಿಟ್ಟರು. ಇದು ಪೂರ್ತಿ ನ್ಯಾಯವಾದ ಹೆಸರಲ್ಲ. ಅಲ್ಲಿಯೂ ಇಲ್ಲಿಯೂ ದೀಪ ಮಂಕಾಗಲು ಬಹುಮಟ್ಟಿಗೆ ಕಾರಣ ತುಕ್ಕು ಹಿಡಿದ ಅರ್ಥ್, ಸವೆದ ಸ್ವಿಚ್ಚು ಮತ್ತು ಹಳೆಯ ಸಣ್ಣ ತಂತಿ. ಅಲ್ಲಿನವರು ಕಂಡುಕೊಂಡ ಪರಿಹಾರ ನಮಗೂ ಹಾಗೆಯೇ ಹೊಂದುತ್ತದೆ.

ಸಣ್ಣ ಪೈಪಿನ ಲೆಕ್ಕ

ಹೂಮಳೆ ಕೈಕೊಟ್ಟಾಗ ಕಾಫಿಗೆ ಸ್ಪ್ರಿಂಕ್ಲರ್ ಹಾಕುವವರಿಗೆ ಒಂದು ಸಂಗತಿ ಚೆನ್ನಾಗಿ ಗೊತ್ತು. ಕೆರೆಯ ಬದಿಯಲ್ಲಿ ಎಷ್ಟೇ ದೊಡ್ಡ ಪಂಪಿರಲಿ, ನಡುವಿನ ಪೈಪು ಸಣ್ಣದಾಗಿದ್ದು ಅಲ್ಲಲ್ಲಿ ಸೋರುತ್ತಿದ್ದರೆ ಗುಡ್ಡದ ಮೇಲಿನ ಸ್ಪ್ರಿಂಕ್ಲರ್ ತಿರುಗುವುದಿಲ್ಲ. ಆಗ ಯಾರೂ ದೊಡ್ಡ ಸ್ಪ್ರಿಂಕ್ಲರ್ ತಂದು ಹಾಕುವುದಿಲ್ಲ, ಪೈಪು ಸರಿಮಾಡುತ್ತಾರೆ. ಹೆಡ್‌ಲೈಟಿನ ಲೆಕ್ಕವೂ ಇಷ್ಟೇ. ಬ್ಯಾಟರಿಯೇ ಪಂಪು, ತಂತಿಯೇ ಪೈಪು, ಬಲ್ಬೇ ಸ್ಪ್ರಿಂಕ್ಲರ್.

ಹಳೆಯ ಜೀಪಿನಲ್ಲಿ ಬ್ಯಾಟರಿಯಿಂದ ಹೊರಟ ಕರೆಂಟು ನೇರವಾಗಿ ದೀಪಕ್ಕೆ ಹೋಗುವುದಿಲ್ಲ. ಡ್ಯಾಶ್‌ಬೋರ್ಡಿನ ಅಮ್ಮೀಟರಿಗೆ ಹೋಗಿ, ಅಲ್ಲಿಂದ ಲೈಟಿನ ಸ್ವಿಚ್ಚಿಗೆ, ಅಲ್ಲಿಂದ ಕ್ಲಚ್ಚಿನ ಪಕ್ಕದ ಕಾಲಿನ ಡಿಪ್ಪರ್ ಸ್ವಿಚ್ಚಿಗೆ, ಅಲ್ಲಿಂದ ಮತ್ತೆ ಮುಂದಕ್ಕೆ ಬಂದು ದೀಪ ಸೇರಬೇಕು. ಆ ಡಿಪ್ಪರ್ ಸ್ವಿಚ್ಚಿನ ಪಾಡು ಎಲ್ಲರಿಗೂ ಗೊತ್ತು. ಗದ್ದೆಯ ಕೆಸರು, ಒದ್ದೆ ಬೂಟು, ತೊಳೆದ ನೀರು ಎಲ್ಲವೂ ಅದರ ಮೇಲೆಯೇ. ದಾರಿಯುದ್ದಕ್ಕೂ ಒಂದೊಂದು ಸಂದಿನಲ್ಲಿ ಒಂದಿಷ್ಟು ವೋಲ್ಟೇಜು ಸೋರಿಹೋಗುತ್ತದೆ.

ತಂತಿಯಲ್ಲೇ ಎಷ್ಟು ಹೋಗುತ್ತದೆಂದು ಲೆಕ್ಕ ಹಾಕೋಣ. 60 ವಾಟಿನ ಎರಡು ಬಲ್ಬು ಬ್ರೈಟಿನಲ್ಲಿ ಉರಿದರೆ 12 ವೋಲ್ಟಿನಲ್ಲಿ 10 ಆಂಪಿಯರ್ ಬೇಕು. ಈ ಕರೆಂಟು 1 ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 5 ಮೀಟರ್ ಹರಿದರೆ ಮುಕ್ಕಾಲು ವೋಲ್ಟಿಗೂ ಹೆಚ್ಚು ನಷ್ಟ. ಅದೇ ತಂತಿ 2.5 ಚದರ ಮಿಲಿಮೀಟರಿನದಾದರೆ ನಷ್ಟ ಸುಮಾರು ಮೂರನೆಯ ಒಂದು ವೋಲ್ಟಿಗೆ ಇಳಿಯುತ್ತದೆ. ಇದು ಹೊಸ ತಾಮ್ರದ ಲೆಕ್ಕ. ಕಪ್ಪಾದ ಸಂದು, ಸಡಿಲವಾದ ಹೋಲ್ಡರು, ತುಕ್ಕಿನ ಅರ್ಥ್ ಸೇರಿದರೆ ನಷ್ಟ ಒಂದೂವರೆ, ಎರಡು ವೋಲ್ಟಿಗೆ ಹೋಗುವುದು ಕಷ್ಟವಲ್ಲ.

ಹನ್ನೆರಡರಲ್ಲಿ ಒಂದೂವರೆ ಹೋದರೆ ಏನು ಮಹಾ ಎನ್ನಬೇಡಿ. ತಂತಿ ಕಾದು ಉರಿಯುವ ಬಲ್ಬುಗಳಲ್ಲಿ ವೋಲ್ಟೇಜು ಸ್ವಲ್ಪ ಇಳಿದರೂ ಬೆಳಕು ಬಹಳ ಇಳಿಯುತ್ತದೆ. ವೋಲ್ಟೇಜು ನೂರಕ್ಕೆ ಹತ್ತು ಕಡಿಮೆಯಾದರೆ ಬೆಳಕು ನೂರಕ್ಕೆ ಮೂವತ್ತು ಕಡಿಮೆ. ವೋಲ್ಟೇಜು ನೂರಕ್ಕೆ ಇಪ್ಪತ್ತು ಹೋದರೆ ಬೆಳಕು ಅರ್ಧಕ್ಕಿಂತಲೂ ಹೆಚ್ಚು ಹೋಗುತ್ತದೆ. ದೀಪ ಬೆಳ್ಳಗೆ ಉರಿಯುವ ಬದಲು ಅರಿಶಿನದ ಬಣ್ಣದಲ್ಲಿ ಉರಿಯುವುದೇ ಇದರ ಗುರುತು.

ಮೊದಲು ಪರೀಕ್ಷೆ

ಹಣ ಖರ್ಚು ಮಾಡುವ ಮೊದಲು ನಷ್ಟ ಎಲ್ಲಿದೆಯೆಂದು ತಿಳಿಯಬೇಕು. ಯಾವ ಆಟೋ ಎಲೆಕ್ಟ್ರಿಷಿಯನ್ನಿನ ಬಳಿಯೂ ಇರುವ ಮೀಟರು ಇದಕ್ಕೆ ಸಾಕು. ದೀಪ ಉರಿಯುತ್ತಿರುವಾಗಲೇ ಬ್ಯಾಟರಿಯ ಎರಡು ಕಂಬಗಳ ನಡುವೆ ವೋಲ್ಟೇಜು ಅಳೆಯಿರಿ. ಆಮೇಲೆ ಬಲ್ಬಿನ ಹಿಂಭಾಗದಲ್ಲಿ, ಹೋಲ್ಡರಿನ ಕಾಲುಗಳಲ್ಲಿ ಅಳೆಯಿರಿ. ಬ್ಯಾಟರಿಯಲ್ಲಿ 12.4 ಇದ್ದು ಬಲ್ಬಿನಲ್ಲಿ 10.9 ಬಂದರೆ, ಬೆಳಕಿನ ಮೂರನೆಯ ಒಂದು ಪಾಲು ತಂತಿಯಲ್ಲೇ ಕಳೆದುಹೋಗಿದೆಯೆಂದು ಅರ್ಥ. ಎರಡರ ನಡುವೆ ಅರ್ಧ ವೋಲ್ಟಿಗಿಂತ ಹೆಚ್ಚು ಅಂತರವಿದ್ದರೆ ವೈರಿಂಗ್ ಕೆಲಸ ಆಗಬೇಕು. ದೀಪ ಆರಿಸಿ ಅಳೆದರೆ ಈ ನಷ್ಟ ಕಾಣುವುದಿಲ್ಲವೆಂಬುದನ್ನು ನೆನಪಿಡಬೇಕು. ನಲ್ಲಿ ಮುಚ್ಚಿದ ಪೈಪಿನಲ್ಲಿ ಒತ್ತಡ ಎಲ್ಲ ಕಡೆಯೂ ಒಂದೇ ತೋರುತ್ತದೆಯಲ್ಲವೆ, ಹಾಗೆಯೇ ಇದು.

ಮೀಟರು ಇಲ್ಲದಿದ್ದರೂ ಒಂದು ಉಪಾಯವಿದೆ. ಕತ್ತಲಲ್ಲಿ ಗಾಡಿಯನ್ನು ಗೋಡೆಯ ಎದುರು ನಿಲ್ಲಿಸಿ. ಒಂದು ಬದಿಯ ದೀಪದ ಹೋಲ್ಡರು ಕಳಚಿ, ನಡುವೆ ಫ್ಯೂಸ್ ಇರುವ ದಪ್ಪ ತಂತಿಯಿಂದ ಬ್ಯಾಟರಿಯ ಕರೆಂಟನ್ನು ನೇರವಾಗಿ ಆ ಬಲ್ಬಿಗೆ ಕೊಡಿ. ಅರ್ಥ್‌ಗೂ ಬೇರೆ ತಂತಿ ಹಾಕಿ. ಇನ್ನೊಂದು ಬದಿ ಹಳೆಯ ದಾರಿಯಲ್ಲೇ ಉರಿಯಲಿ. ಗೋಡೆಯ ಮೇಲೆ ಎರಡೂ ಬೆಳಕನ್ನು ಹೋಲಿಸಿ ನೋಡಿದರೆ ತಂತಿಯ ದೋಷ ಚಿಕ್ಕ ಮಕ್ಕಳಿಗೂ ತಿಳಿಯುತ್ತದೆ.

ರಿಲೇ ಎಂಬ ಸಣ್ಣ ಡಬ್ಬಿ

ಇಂಗ್ಲೆಂಡಿನ ಹಳೆಯ ಕಾರುಗಳವರು ಮೊದಲು ಮಾಡಿಸುವ ಕೆಲಸ ರಿಲೇ ಹಾಕಿಸುವುದು. ರಿಲೇ ಎಂದರೆ ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣ ಡಬ್ಬಿ. ಅದರೊಳಗೆ ತಾಮ್ರದ ಸುರುಳಿ ಮತ್ತು ಒಂದು ಸ್ವಿಚ್ಚು ಇರುತ್ತವೆ. ಹಳೆಯ ಸ್ವಿಚ್ಚಿನಿಂದ ಬರುವ ಸ್ವಲ್ಪವೇ ಕರೆಂಟು, ಸುಮಾರು ಆಂಪಿಯರಿನ ಐದನೆಯ ಒಂದು ಭಾಗ, ಆ ಸುರುಳಿಯನ್ನು ಎಬ್ಬಿಸುತ್ತದೆ. ಆಗ ಒಳಗಿನ ಸ್ವಿಚ್ಚು ಕೂಡಿ ದೀಪಕ್ಕೆ ಬೇಕಾದ ದೊಡ್ಡ ಕರೆಂಟು ಬ್ಯಾಟರಿಯಿಂದ ನೇರವಾಗಿ ಹರಿಯುತ್ತದೆ. ಮನೆಯ ಯಜಮಾನ ಜಗುಲಿಯಲ್ಲಿ ಕುಳಿತು ಕೂಗಿದರೆ ಗೇಟು ತೆಗೆಯುವವನು ಗೇಟಿನ ಬಳಿಯೇ ಇದ್ದ ಹಾಗೆ. ಹಳೆಯ ಸ್ವಿಚ್ಚು, ಕಾಲಿನ ಡಿಪ್ಪರ್ ಎಲ್ಲ ಇದ್ದಲ್ಲೇ ಇರುತ್ತವೆ. ಅವುಗಳ ಮೇಲಿನ ಭಾರ ಮಾತ್ರ ಇಳಿಯುತ್ತದೆ. ಆದುದರಿಂದ ಅವುಗಳ ಆಯುಸ್ಸೂ ಹೆಚ್ಚುತ್ತದೆ.

ಡಿಮ್ಮಿಗೆ ಒಂದು, ಬ್ರೈಟಿಗೆ ಒಂದು, ಹೀಗೆ ಎರಡು ರಿಲೇ ಬೇಕು. ರಿಲೇಯ ಕಾಲುಗಳ ಪಕ್ಕದಲ್ಲಿ ಅಂಕಿಗಳಿರುತ್ತವೆ. 30 ಎಂದಿರುವಲ್ಲಿಗೆ ಬ್ಯಾಟರಿಯಿಂದ ಬರುವ ತಂತಿ, 87 ಎಂದಿರುವಲ್ಲಿಂದ ದೀಪಕ್ಕೆ ಹೋಗುವ ತಂತಿ. 85 ಮತ್ತು 86 ಸುರುಳಿಯ ಎರಡು ತುದಿಗಳು. ಒಂದಕ್ಕೆ ಹಳೆಯ ಡಿಪ್ಪರಿನ ತಂತಿ, ಇನ್ನೊಂದಕ್ಕೆ ಅರ್ಥ್. ಕೆಲಸ ಮಾಡಿಸುವಾಗ ಸದಸ್ಯರು ಪಕ್ಕದಲ್ಲಿ ನಿಂತು ಈ ಕೆಳಗಿನವನ್ನು ನೋಡಿಕೊಳ್ಳಬೇಕು.

ಒಂದು, ಕೆಲಸಕ್ಕೆ ಕೈಹಚ್ಚುವ ಮೊದಲು ಬ್ಯಾಟರಿಯ ಅರ್ಥ್ ಕೇಬಲ್ ಕಳಚಿರಬೇಕು.

ಎರಡು, ಬ್ಯಾಟರಿಯಿಂದ ರಿಲೇಗೆ, ರಿಲೇಯಿಂದ ದೀಪಕ್ಕೆ ಹೋಗುವ ತಂತಿ 2.5 ಚದರ ಮಿಲಿಮೀಟರಿಗೆ ಕಡಿಮೆ ಇರಬಾರದು. ಮನೆಗೆ ಬಳಸುವ ಗಟ್ಟಿ ತಂತಿ ಬೇಡ. ಅಲುಗಾಟಕ್ಕೆ ಅದು ಮುರಿಯುತ್ತದೆ. ಎಳೆಎಳೆಯಾದ ಆಟೋ ಕೇಬಲ್ಲೇ ಆಗಬೇಕು.

ಮೂರು, ಫ್ಯೂಸು ಬ್ಯಾಟರಿಯ ಹತ್ತಿರದಲ್ಲೇ ಇರಬೇಕು. ಫ್ಯೂಸಿಲ್ಲದ ತಂತಿ ಎಲ್ಲಿಯಾದರೂ ಉಜ್ಜಿ ಚಾಸಿಗೆ ತಾಗಿದರೆ ಬೆಂಕಿಯೇ ಗತಿ. ಎಡ ದೀಪಕ್ಕೂ ಬಲ ದೀಪಕ್ಕೂ ಬೇರೆ ಬೇರೆಯಾಗಿ 10 ಆಂಪಿಯರ್ ಫ್ಯೂಸ್ ಹಾಕಿಸುವುದು ಉತ್ತಮ. ಒಂದು ಹೋದರೂ ಇನ್ನೊಂದು ಉರಿಯುತ್ತದೆ. ಘಾಟಿಯ ತಿರುವಿನಲ್ಲಿ ಎರಡೂ ದೀಪ ಒಟ್ಟಿಗೆ ಆರಿದರೆ ಆಗುವ ಅನಾಹುತವನ್ನು ಹೇಳಬೇಕಾದ್ದಿಲ್ಲ.

ನಾಲ್ಕು, ರಿಲೇಯ ಕಾಲುಗಳು ಕೆಳಮುಖವಾಗಿರಬೇಕು ಮತ್ತು ನೀರು ಸಿಡಿಯದ ಎತ್ತರದಲ್ಲಿರಬೇಕು. ಕಾಲುಗಳು ಮೇಲ್ಮುಖವಾಗಿದ್ದರೆ ಅದೇ ಮಳೆನೀರಿನ ಬಟ್ಟಲಾಗುತ್ತದೆ.

ಐದು, ಶೆಡ್ಡಿನಲ್ಲಿ ಇಲಿಯ ಕಾಟವಿದ್ದಲ್ಲಿ ತಂತಿಗಳನ್ನು ಕೊಳವೆಯೊಳಗೆ ಹಾಯಿಸಿ ಕಟ್ಟಿಸಬೇಕು.

ಅರ್ಥ್ ಮರೆತರೆ ಎಲ್ಲ ವ್ಯರ್ಥ

ಕರೆಂಟು ದೀಪಕ್ಕೆ ಹೋದರೆ ಸಾಲದು, ಮರಳಿ ಬ್ಯಾಟರಿಗೂ ಬರಬೇಕು. ಹಳೆಯ ಗಾಡಿಗಳಲ್ಲಿ ಈ ಮರಳುವ ದಾರಿ ದೀಪದ ಬಟ್ಟಲು, ಮುಂದಿನ ಗ್ರಿಲ್ಲು, ಅದರ ಬೋಲ್ಟು, ಚಾಸಿ ಇವುಗಳ ಮೂಲಕ. ಮಲೆನಾಡಿನ ಮಳೆಯಲ್ಲಿ ನೆನೆದ ಬೋಲ್ಟಿಗೆ ತುಕ್ಕು, ಅದರ ಮೇಲೆ ಎರಡು ಮೂರು ಸಲ ಬಳಿದ ಬಣ್ಣ. ಕರೆಂಟು ಹಾಯುವುದೆಲ್ಲಿಂದ? ಆದುದರಿಂದ ಪ್ರತಿಯೊಂದು ದೀಪದ ಹೋಲ್ಡರಿನಿಂದಲೂ ಬೇರೆ ಅರ್ಥ್ ತಂತಿ ಎಳೆಸಿ, ಚಾಸಿಯ ಮೇಲೆ ಬಣ್ಣ ಕೆರೆದು ಹೊಳಪು ಬರಿಸಿದ ಜಾಗಕ್ಕೆ ಬಿಗಿಸಿ, ಮೇಲೆ ಗ್ರೀಸ್ ಸವರಬೇಕು. ಒಂದು ದೀಪ ಉರಿದು ಇನ್ನೊಂದು ಮಂಕಾದರೆ, ಡಿಮ್ ಹಾಕಿದಾಗ ಇಂಡಿಕೇಟರ್ ಕೂಡ ಮಿನುಗಿದರೆ, ಮೊದಲು ಸಂಶಯಪಡಬೇಕಾದ್ದು ಅರ್ಥನ್ನೇ.

ಇಷ್ಟು ಮಾಡಿಸಿದ ಮೇಲೆ ಅನೇಕರಿಗೆ ಹೊಸ ಬಲ್ಬೇ ಬೇಡವೆನಿಸಬಹುದು. ಎರಡು ರಿಲೇ, ಕೆಲವು ಮೀಟರ್ ತಂತಿ, ನಾಲ್ಕು ಫ್ಯೂಸು, ಅರ್ಧ ದಿನದ ಕೂಲಿ, ಇಷ್ಟೇ ಖರ್ಚು.

ಡೂಮು ಮತ್ತು ಬಲ್ಬು

ಇನ್ನು ಡೂಮಿನ ವಿಷಯ. ಒಳಗಿನ ಕನ್ನಡಿ ಮಾಸಿ, ಕಲೆ ಬಿದ್ದು, ತುಕ್ಕಿನ ಚುಕ್ಕೆ ಎದ್ದಿದ್ದರೆ ಎಂಥ ಬಲ್ಬು ಹಾಕಿದರೂ ಫಲವಿಲ್ಲ. ಕೆಲವರು ಬಟ್ಟೆಯಿಂದಲೋ ಬೂದಿಯಿಂದಲೋ ಉಜ್ಜಿ ಹೊಳಪು ತರಲು ನೋಡುತ್ತಾರೆ. ಹಾಗೆ ಮಾಡಬಾರದು. ಕನ್ನಡಿಯ ಲೇಪ ಬಹಳ ತೆಳು. ಉಜ್ಜಿದರೆ ಎದ್ದೇ ಹೋಗುತ್ತದೆ. ಡೂಮು ಕೆಟ್ಟಿದ್ದರೆ ಬದಲಿಸುವುದೇ ದಾರಿ. ಏಳು ಇಂಚಿನ ಅಳತೆಯಾದ್ದರಿಂದ ಹೊಸ ಡೂಮು ಹಳೆಯ ಬಟ್ಟಲಿನಲ್ಲೇ ಕೂರುತ್ತದೆ.

ಬದಲಿಸುವುದಾದರೆ ಎಚ್-4 ಹ್ಯಾಲೊಜನ್ ಬಲ್ಬು ಕೂರುವ ಡೂಮು ಹಾಕಿಸಬೇಕು. 1971ರಲ್ಲಿ ಯುರೋಪಿನಲ್ಲಿ ಬಂದ ಈ ಬಲ್ಬಿನಲ್ಲಿ ಡಿಮ್ಮಿಗೊಂದು, ಬ್ರೈಟಿಗೊಂದು ಉರಿಯುವ ತಂತಿ ಇರುತ್ತವೆ. ಅಂಗೀಕೃತ ಅಳತೆ ಬ್ರೈಟಿಗೆ 60 ವಾಟ್, ಡಿಮ್ಮಿಗೆ 55 ವಾಟ್. ಹಳೆಯ ಮಾದರಿಯ ಬಲ್ಬುಗಳದು 45 ಮತ್ತು 40. ಹ್ಯಾಲೊಜನ್ ಬಲ್ಬಿನೊಳಗಿನ ಅನಿಲ, ತಂತಿಯಿಂದ ಆವಿಯಾದ ಟಂಗ್‌ಸ್ಟನ್ ಲೋಹವನ್ನು ಗಾಜಿಗೆ ಅಂಟಲು ಬಿಡದೆ ಮರಳಿ ತಂತಿಗೇ ಸೇರಿಸುತ್ತದೆ. ಆದುದರಿಂದ ಗಾಜು ಕಪ್ಪಾಗುವುದಿಲ್ಲ, ತಂತಿಯನ್ನು ಇನ್ನಷ್ಟು ಬಿಳಿಗಾಯಿಸಿ ಉರಿಸಬಹುದು. ಬಲ್ಬಿನ ಗಾಜನ್ನು ಬರಿಗೈಯಿಂದ ಮುಟ್ಟಬಾರದು. ಬೆರಳಿನ ಜಿಡ್ಡು ಕೂತ ಜಾಗದಲ್ಲಿ ಗಾಜು ಬೇಗ ಹಾಳಾಗುತ್ತದೆ.

ಹಳೆಯ ಡೂಮಿಗೆ ಅಡಾಪ್ಟರ್ ಹಾಕಿ ಎಚ್-4 ಬಲ್ಬು ತುರುಕುವುದು ಸರಿಯಲ್ಲ. ಬಲ್ಬಿನೊಳಗೆ ಡಿಮ್ಮಿನ ತಂತಿಯ ಕೆಳಗೆ ಸಣ್ಣ ಲೋಹದ ಬಟ್ಟಲಿದೆ. ಮೇಲಕ್ಕೆ ಹೋಗುವ ಬೆಳಕನ್ನು ತಡೆದು ಗೆರೆ ಕೊಯ್ದಂತೆ ಮಾಡುವುದು ಅದೇ. ತಂತಿ ತನ್ನ ಜಾಗದಿಂದ ಸ್ವಲ್ಪ ಸರಿದರೂ ಬೆಳಕು ರಸ್ತೆ ಬಿಟ್ಟು ಮರದ ತುದಿಗೆ ಹೋಗುತ್ತದೆ.

ಡೂಮು ಕೊಳ್ಳುವಾಗ ಇನ್ನೊಂದು ಎಚ್ಚರಿಕೆ. ನಮ್ಮದು ರಸ್ತೆಯ ಎಡಬದಿಯ ಸಂಚಾರ. ಸರಿಯಾದ ಡೂಮಿನ ಡಿಮ್ ಬೆಳಕಿನ ಮೇಲಿನ ಗೆರೆ ಬಲಕ್ಕೆ ಮಟ್ಟಸವಾಗಿದ್ದು ಎಡಕ್ಕೆ ಮೇಲೇರಬೇಕು. ಎಡಬದಿಯ ಚರಂಡಿ, ನಡೆದುಹೋಗುವವರು, ತಿರುವಿನ ಕಲ್ಲು ಇವು ಕಾಣಲಿ, ಎದುರಿನವನ ಕಣ್ಣಿಗೆ ಬೀಳದಿರಲಿ ಎಂದು ಈ ಏರ್ಪಾಡು. ಬಲಬದಿ ಸಂಚಾರದ ದೇಶಗಳಿಗೆ ಮಾಡಿದ ಡೂಮಿನಲ್ಲಿ ಗೆರೆ ಬಲಕ್ಕೆ ಏರುತ್ತದೆ, ನೇರವಾಗಿ ಎದುರಿನವನ ಮುಖಕ್ಕೆ. ಅಗ್ಗಕ್ಕೆ ಸಿಕ್ಕಿತೆಂದು ಅದನ್ನು ತರಬಾರದು.

ನೂರು ವಾಟಿನ ಆಸೆ

"ಅಣ್ಣಾ, ಲೈಟು ಏನೂ ಸಾಲದು, ನೂರು-ತೊಂಬತ್ತರದು ಹಾಕಿಬಿಡಿ" ಎಂದು ಎಲೆಕ್ಟ್ರಿಷಿಯನ್ನಿಗೆ ಹೇಳುವವರು ಬಹಳ. ಅವರು ಯೋಚಿಸಬೇಕಾದ ಎರಡು ಲೆಕ್ಕಗಳಿವೆ.

ಮೊದಲನೆಯದು ದೂರದ ಲೆಕ್ಕ. ದೀಪದಿಂದ ದೂರ ಎರಡರಷ್ಟಾದರೆ ಬೀಳುವ ಬೆಳಕು ಕಾಲುಭಾಗವಾಗುತ್ತದೆ. ಎರಡರಷ್ಟು ದೂರ ಅಷ್ಟೇ ಚೆನ್ನಾಗಿ ಕಾಣಬೇಕಾದರೆ ನಾಲ್ಕರಷ್ಟು ಬೆಳಕು ಬೇಕು. 60ರ ಬದಲು 100 ವಾಟ್ ಹಾಕಿದರೆ ಸಿಗುವುದು ಮೂರನೆಯ ಒಂದು ಪಾಲಿನಷ್ಟು ಹೆಚ್ಚು ದೂರ ಮಾತ್ರ, ಅದೂ ತಂತಿ ಸರಿಯಿದ್ದರೆ. ಸಣ್ಣ ತಂತಿಯಲ್ಲಿ ದೊಡ್ಡ ಬಲ್ಬು ಹಾಕಿದರೆ ನಷ್ಟವೂ ದೊಡ್ಡದಾಗಿ ಆ ಲಾಭವೂ ಕರಗುತ್ತದೆ.

ಎರಡನೆಯದು ಡೈನಮೊ ಲೆಕ್ಕ. ಹಳೆಯ ಗಾಡಿಗಳ ಸಾಮಾನ್ಯ ಡೈನಮೊ ಕೊಡುವುದು ಸುಮಾರು 22 ಆಂಪಿಯರ್, ಅಂದರೆ 260 ವಾಟಿನಷ್ಟು. ಅದೂ ಎಂಜಿನ್ನು ಚೆನ್ನಾಗಿ ತಿರುಗುವಾಗ. ಎರಡು ನೂರರ ಬಲ್ಬೇ 200 ವಾಟ್ ನುಂಗಿದರೆ ವೈಪರು, ಹಿಂದಿನ ದೀಪ, ಹಾರನ್ನು, ಪೆಟ್ರೋಲ್ ಗಾಡಿಯಾದರೆ ಇಗ್ನಿಷನ್ ಇವಕ್ಕೆಲ್ಲ ಉಳಿಯುವುದು 60 ವಾಟ್. ಮಂಜಿನಲ್ಲಿ ನಿಧಾನವಾಗಿ ಹೋಗುವಾಗ ಡೈನಮೊ ಏನೂ ಕೊಡದೆ ಭಾರವೆಲ್ಲ ಬ್ಯಾಟರಿಯ ಮೇಲೆ ಬೀಳುತ್ತದೆ. ಆಲ್ಟರ್ನೇಟರ್ ಇರುವ ಗಾಡಿಗಳಿಗೆ ಈ ಕಷ್ಟ ಕಡಿಮೆ. ಆದರೆ ನೂರರ ಬಲ್ಬಿನ ಕಾವಿಗೆ ಹೋಲ್ಡರು ಕರಗುವುದು, ಕನ್ನಡಿ ಮಾಸುವುದು ಯಾವ ಗಾಡಿಯಲ್ಲೂ ತಪ್ಪದು. ಚಾರ್ಜಿಂಗ್ ವೋಲ್ಟೇಜನ್ನೂ ಒಮ್ಮೆ ನೋಡಿಸಿ. ಎಂಜಿನ್ನು ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4ರ ನಡುವೆ ಇರಬೇಕು. ಅದಕ್ಕಿಂತ ಏರಿದರೆ ಬಲ್ಬುಗಳು ಬೇಗ ಹೋಗುತ್ತವೆ.

ಎಲ್‌ಇಡಿ ಎಂಬ ಹೊಸ ಅತಿಥಿ

ಈಗ ಪೇಟೆಯಲ್ಲಿ ಎಚ್-4 ಹೋಲ್ಡರಿಗೇ ಕೂರುವ ಎಲ್‌ಇಡಿ ಬಲ್ಬುಗಳು ಬಂದಿವೆ. ಕರೆಂಟು ಕಡಿಮೆ ಸಾಕು, ಬೆಳಕು ಬೆಳ್ಳಗೆ. ಹಳೆಯ ಡೈನಮೊ ಇರುವವರಿಗೆ ಆಸೆಯಾಗುವುದು ಸಹಜ. ಆದರೆ ಡೂಮಿನ ಕನ್ನಡಿ ಮತ್ತು ಗಾಜಿನ ಗೆರೆಗಳನ್ನು ಲೆಕ್ಕ ಹಾಕಿರುವುದು ಸಣ್ಣ ತಂತಿಯೊಂದು ನಿರ್ದಿಷ್ಟ ಜಾಗದಲ್ಲಿ ಉರಿಯುತ್ತದೆಂದು. ಎಲ್‌ಇಡಿ ಬಲ್ಬಿನಲ್ಲಿ ಬೆಳಕು ಹೊರಡುವುದು ಕಡ್ಡಿಯ ಎರಡು ಬದಿಯ ಚಿಪ್ಪುಗಳಿಂದ. ಹೀಗಾಗಿ ಬೆಳಕು ಚೆಲ್ಲಾಪಿಲ್ಲಿಯಾಗುತ್ತದೆ. ಗಾಡಿಯ ಮೂಗಿನ ಮುಂದೆ ಹಾಲು ಚೆಲ್ಲಿದಂತೆ ಕಾಣುತ್ತದೆ, ದೂರದಲ್ಲಿ ಕತ್ತಲೆ, ಎದುರು ಬರುವವನಿಗೆ ಕುರುಡು. ಹತ್ತಿರದ ಬೆಳಕು ಜಾಸ್ತಿಯಾದಷ್ಟೂ ನಮ್ಮ ಕಣ್ಣಿನ ಪಾಪೆ ಕಿರಿದಾಗಿ ದೂರದ ವಸ್ತು ಇನ್ನೂ ಕಾಣದಾಗುತ್ತದೆ.

ಬಲ್ಬು ಮಾತ್ರವಲ್ಲದೆ ಗಾಜು, ಕನ್ನಡಿ ಸಮೇತ ಎಲ್‌ಇಡಿಗೆಂದೇ ರಚಿಸಿದ ಏಳು ಇಂಚಿನ ಪೂರ್ತಿ ದೀಪಗಳೂ ಇವೆ. ಅಂಗೀಕಾರದ ಗುರುತು ಇದ್ದು, ಎಡಬದಿ ಸಂಚಾರಕ್ಕೆ ಮಾಡಿದ್ದು, ಡಿಮ್ಮಿನ ಗೆರೆ ಗೋಡೆಯ ಮೇಲೆ ಸ್ಪಷ್ಟವಾಗಿ ಬೀಳುವಂತಿದ್ದರೆ ಅವು ಒಳ್ಳೆಯವೇ. ಅವುಗಳ ಗಾಜು ಹ್ಯಾಲೊಜನ್ನಿನಷ್ಟು ಬಿಸಿಯಾಗುವುದಿಲ್ಲ. ಆದುದರಿಂದ ಗಾಜಿನ ಮೇಲೆ ಕೂತ ಇಬ್ಬನಿ ಬೇಗ ಆರುವುದಿಲ್ಲ, ಒರೆಸಿಕೊಳ್ಳಬೇಕು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನ ಪ್ರಕಾರ ನೋಂದಣಿ ಪತ್ರದ ವಿವರಗಳು ತಯಾರಕರು ಗೊತ್ತುಮಾಡಿದ್ದಕ್ಕಿಂತ ಬೇರೆಯಾಗುವಂಥ ಬದಲಾವಣೆಗೆ ಅವಕಾಶವಿಲ್ಲ. ದೀಪದ ಮಾದರಿಯನ್ನೇ ಬದಲಿಸುವ ಮೊದಲು ಸಾರಿಗೆ ಕಚೇರಿಯಲ್ಲಿ ವಿಚಾರಿಸಿಕೊಳ್ಳುವುದು ಕ್ಷೇಮ.

ಮಂಜಿನ ಮಾತು

ಚಾರ್ಮಾಡಿ, ಆಗುಂಬೆ, ಬಿಸಿಲೆಯ ಕಡೆ ಓಡಾಡುವವರಿಗೆ ಮಂಜಿನ ಅನುಭವ ಹೇಳಿಕೊಡಬೇಕಾಗಿಲ್ಲ. ಬ್ರೈಟ್ ಹಾಕಿದೊಡನೆ ಎದುರಿಗೆ ಸುಣ್ಣ ಬಳಿದ ಗೋಡೆ ಎದ್ದುನಿಲ್ಲುತ್ತದೆ. ಮಂಜಿನ ಹನಿಗಳು ಬೆಳಕನ್ನು ನಮ್ಮ ಕಣ್ಣಿಗೇ ಹಿಂದಿರುಗಿಸುವುದರಿಂದ ಹೀಗಾಗುತ್ತದೆ.

ಹಳದಿ ಬೆಳಕು ಮಂಜನ್ನು ಸೀಳುತ್ತದೆಂಬ ನಂಬಿಕೆ ಬಹಳ ಹಿಂದಿನದು. ಫ್ರಾನ್ಸ್ ದೇಶದಲ್ಲಿ 1930ರ ದಶಕದಿಂದ 1993ರವರೆಗೆ ಹೆಡ್‌ಲೈಟುಗಳು ಹಳದಿಯಾಗಿಯೇ ಇರಬೇಕೆಂಬ ನಿಯಮವಿತ್ತು. ಆದರೆ ಮಂಜಿನ ಹನಿಗಳು ಬೆಳಕಿನ ಅಲೆಗಳಿಗಿಂತ ಬಹಳ ದೊಡ್ಡವು. ಅವು ಎಲ್ಲ ಬಣ್ಣಗಳನ್ನೂ ಹೆಚ್ಚುಕಡಿಮೆ ಒಂದೇ ರೀತಿ ಚದುರಿಸುತ್ತವೆ. ಹಳದಿ ದೀಪ ಕಣ್ಣಿಗೆ ಹಿತವೆನಿಸಬಹುದು, ಹಾಕಿಕೊಳ್ಳುವುದರಲ್ಲಿ ತಪ್ಪಿಲ್ಲ. ನಿಜವಾಗಿ ಕೆಲಸ ಮಾಡುವುದು ಬಣ್ಣವಲ್ಲ, ಎತ್ತರ. ಫಾಗ್ ಲ್ಯಾಂಪು ಹೆಡ್‌ಲೈಟಿಗಿಂತ ಕೆಳಗೆ, ಬಂಪರಿನ ಮಟ್ಟದಲ್ಲಿದ್ದು, ಅದರ ಬೆಳಕು ಅಗಲವಾಗಿ ನೆಲದ ಮೇಲೆ ಹಾಸಿಕೊಳ್ಳಬೇಕು. ಜೀಪಿನ ತಲೆಯ ಮೇಲೆ ಸಾಲಾಗಿ ದೀಪ ಕಟ್ಟಿಸುವುದು ನೋಟಕ್ಕೆ ಚೆಂದ. ಮಂಜಿನಲ್ಲಿ ಅದರಷ್ಟು ನಿಷ್ಪ್ರಯೋಜಕವಾದದ್ದು ಮತ್ತೊಂದಿಲ್ಲ.

ಕಣದ ಗೋಡೆಯೇ ಯಂತ್ರ

ಕೊನೆಯ ಕೆಲಸ, ಎಲ್ಲಕ್ಕಿಂತ ಮುಖ್ಯವಾದ ಕೆಲಸ, ಗುರಿ ಹೊಂದಿಸುವುದು. ಪೇಟೆಯ ದೊಡ್ಡ ವರ್ಕ್‌ಷಾಪುಗಳಲ್ಲಿ ಇದಕ್ಕೆ ಯಂತ್ರವಿರುತ್ತದೆ. ಬೆಳೆಗಾರನಿಗೆ ಆ ಯಂತ್ರ ಮನೆಯಲ್ಲೇ ಇದೆ. ಮಟ್ಟ ಮಾಡಿದ ಕಾಫಿ ಕಣ ಅಥವಾ ಅಡಕೆ ಅಂಗಳ, ಅದರ ತುದಿಯಲ್ಲಿ ಗೋಡೌನಿನ ಗೋಡೆ.

ಚಕ್ರಗಳ ಗಾಳಿ ಸರಿಯಿಟ್ಟು ಗಾಡಿಯನ್ನು ಗೋಡೆಗೆ ನೇರವಾಗಿ, ದೀಪದಿಂದ ಗೋಡೆಗೆ 10 ಮೀಟರ್ ಇರುವಂತೆ ನಿಲ್ಲಿಸಿ. ನೆಲದಿಂದ ದೀಪದ ನಡುಮಧ್ಯದ ಎತ್ತರ ಅಳೆದು ಅದೇ ಎತ್ತರಕ್ಕೆ ಗೋಡೆಯ ಮೇಲೆ ಸುಣ್ಣದ ಕಡ್ಡಿಯಿಂದ ಗೆರೆ ಎಳೆಯಿರಿ. ಅದರ ಕೆಳಗೆ 10 ಸೆಂಟಿಮೀಟರಿಗೆ ಇನ್ನೊಂದು ಗೆರೆ. ಡಿಮ್ ಹಾಕಿದಾಗ ಬೆಳಕಿನ ಮೇಲಂಚು ಈ ಕೆಳಗಿನ ಗೆರೆಯ ಮೇಲೆ ಕೂರಬೇಕು. ಅಂದರೆ ನೂರಕ್ಕೆ ಒಂದರ ಇಳಿಜಾರು. ದೀಪ 90 ಸೆಂಟಿಮೀಟರ್ ಎತ್ತರದಲ್ಲಿದ್ದರೆ ಬೆಳಕಿನ ಅಂಚು 90 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ.

ಇಲ್ಲಿ ನಮ್ಮ ಗಾಡಿಗಳಿಗೇ ವಿಶೇಷವಾದ ತೊಡಕೊಂದಿದೆ. ಗಿಡ್ಡ ಜೀಪಿನ ಮುಂದಿನ ಚಕ್ರಕ್ಕೂ ಹಿಂದಿನ ಚಕ್ರಕ್ಕೂ ನಡುವೆ ಸುಮಾರು 2 ಮೀಟರ್ ಮಾತ್ರ. ಹಿಂದೆ 50 ಕಿಲೋದ ಆರು ಮೂಟೆ ಕಾಫಿ ಹೇರಿ ಹಿಂಭಾಗ 4 ಸೆಂಟಿಮೀಟರ್ ಕುಸಿದರೆ, ದೀಪದ ಮೂತಿ ನೂರಕ್ಕೆ ಎರಡರಷ್ಟು ಮೇಲೆದ್ದಿತು. ನೂರಕ್ಕೆ ಒಂದರಂತೆ ಇಳಿಸಿದ್ದ ಬೆಳಕು ಈಗ ನೂರಕ್ಕೆ ಒಂದರಂತೆ ಆಕಾಶ ನೋಡುತ್ತದೆ. 50 ಮೀಟರ್ ದೂರದಲ್ಲಿ ಅದರ ಅಂಚು ನೆಲದಿಂದ 1.4 ಮೀಟರ್ ಎತ್ತರ. ಎದುರಿಗೆ ಬೈಕಿನಲ್ಲಿ ಬರುವವನ ಕಣ್ಣು ಇರುವುದು ಸರಿಸುಮಾರು ಅಲ್ಲಿಯೇ. ನಾವು ಡಿಮ್ಮಿನಲ್ಲಿಯೇ ಇದ್ದೇವೆಂದು ನಂಬಿರುತ್ತೇವೆ. ಅವನ ಪಾಲಿಗೆ ಅದು ಬ್ರೈಟೇ. ಹೇರು ಹೊತ್ತು ರಾತ್ರಿ ಓಡಾಡುವವರು ಹೇರು ಇರುವಾಗಲೇ ಗುರಿ ಹೊಂದಿಸಬೇಕು. ಕುಸಿದ ಕಮಾನುಪಟ್ಟಿಗಳನ್ನು ಸರಿಮಾಡಿಸುವುದೂ ದೀಪದ ಕೆಲಸವೇ ಎಂದು ತಿಳಿಯಬೇಕು.

ಕಾಣುವ ದೂರ, ನಿಲ್ಲುವ ದೂರ

ದೀಪ ಎಷ್ಟು ಒಳ್ಳೆಯದಾದರೂ ಅದರ ಮಿತಿ ಅರಿತಿರಬೇಕು. ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ, ಚಾಲಕ ಕಂಡು ಬ್ರೇಕು ಒತ್ತುವ ಒಂದೂವರೆ ಸೆಕೆಂಡಿನಲ್ಲಿ ಸುಮಾರು 17 ಮೀಟರ್ ಸಾಗಿರುತ್ತದೆ. ಒದ್ದೆ ರಸ್ತೆಯಲ್ಲಿ ನಿಲ್ಲಲು ಇನ್ನೂ ಅಷ್ಟೇ ಬೇಕು. ಒಟ್ಟು 35 ಮೀಟರ್. ವೇಗ 60 ಆದರೆ ಇದು 65 ಮೀಟರಿಗೆ ಏರುತ್ತದೆ. ಕಪ್ಪು ಕಂಬಳಿ ಹೊದ್ದು ರಸ್ತೆಯಂಚಿನಲ್ಲಿ ನಡೆದುಹೋಗುವ ಮನುಷ್ಯ ಒಳ್ಳೆಯ ಡಿಮ್ ಬೆಳಕಿನಲ್ಲೂ 50 ಮೀಟರ್ ಒಳಗೆ ಬಂದ ಮೇಲಷ್ಟೇ ಕಾಣುವುದು ಸಾಮಾನ್ಯ. ಮಂಕು ದೀಪದಲ್ಲಿ ಅವನು ಕಾಣುವಷ್ಟರಲ್ಲಿ ತಡವಾಗಿರುತ್ತದೆ. ಆ ಮನುಷ್ಯ ಬೆಳಿಗ್ಗೆ ನಮ್ಮದೇ ತೋಟದಲ್ಲಿ ಹಣ್ಣು ಬಿಡಿಸಿದವನಿರಬಹುದು.

ಸಕಲೇಶಪುರ, ಆಲೂರು, ಮೂಡಿಗೆರೆ, ಕೊಡಗಿನ ಕಡೆಯ ಸದಸ್ಯರಿಗೆ ಆನೆಯ ಚಿಂತೆಯೂ ಉಂಟು. ಅಷ್ಟು ದೊಡ್ಡ ಪ್ರಾಣಿ ರಾತ್ರಿ ಕಾಣದಿರುವುದೇ ಎಂದು ಹೊರಗಿನವರು ಆಶ್ಚರ್ಯಪಡುತ್ತಾರೆ. ಕಪ್ಪು ಡಾಂಬರಿನ ಮೇಲೆ ನಿಂತ ಕಪ್ಪು ಮೈ ಬೆಳಕನ್ನು ಹಿಂದಿರುಗಿಸುವುದು ಬಹಳ ಕಡಿಮೆ. ಕಾಡಿನ ನೆರಳೇ ದಪ್ಪವಾದಂತೆ ಕಾಣುತ್ತದೆ. ಆನೆ ಕಂಡರೆ ದೂರದಲ್ಲೇ ನಿಲ್ಲಿಸಿ ದಾರಿ ಬಿಡಬೇಕು. ಹಾರನ್ ಹೊಡೆಯುವುದು, ಬ್ರೈಟ್-ಡಿಮ್ ಆಡಿಸಿ ಕೆರಳಿಸುವುದು ಸಲ್ಲದು. ದೂರದಲ್ಲೇ ನಿಲ್ಲಿಸಬೇಕಾದರೆ ದೂರದಲ್ಲೇ ಕಾಣಬೇಕು, ವೇಗವೂ ಮಿತದಲ್ಲಿರಬೇಕು.

ವರ್ಷಕ್ಕೆರಡು ಸಲ

ಮಳೆಗಾಲ ಹಿಡಿಯುವ ಮೊದಲು ಮೇ ತಿಂಗಳಲ್ಲೊಮ್ಮೆ, ಕೊಯ್ಲಿಗೆ ಮೊದಲು ಅಕ್ಟೋಬರಿನಲ್ಲೊಮ್ಮೆ ಈ ಕೆಲಸಗಳನ್ನು ತಪ್ಪದೆ ಮಾಡಿಕೊಳ್ಳಬೇಕೆಂದು ಸದಸ್ಯರಲ್ಲಿ ನಮ್ಮ ಕೋರಿಕೆ:

1. ದೀಪದ ಗಾಜನ್ನು ಸೋಪಿನ ನೀರಿನಿಂದ ತೊಳೆಯುವುದು. ಕೊಯ್ಲಿನ ಕಾಲದಲ್ಲಿ ಇದು ದಿನನಿತ್ಯದ ಕೆಲಸವಾಗಲಿ. ಕೆಂಪು ಧೂಳು ಕದಿಯುವ ಬೆಳಕು ಸಣ್ಣದಲ್ಲ.

2. ಬ್ಯಾಟರಿಯ ಕಂಬಗಳನ್ನೂ ಅರ್ಥ್ ಬೋಲ್ಟುಗಳನ್ನೂ ಕಳಚಿ, ಉಜ್ಜಿ, ಗ್ರೀಸ್ ಹಚ್ಚಿ ಬಿಗಿಸುವುದು.

3. ದೀಪ ಉರಿಯುವಾಗ ಬ್ಯಾಟರಿಯಲ್ಲೂ ಬಲ್ಬಿನಲ್ಲೂ ವೋಲ್ಟೇಜು ಅಳೆಯುವುದು.

4. ಕಣದ ಗೋಡೆಗೆ ಗುರಿ ಹಿಡಿದು ನೋಡುವುದು. ಗೋಡೆಯ ಗೆರೆಗಳನ್ನು ಬಣ್ಣದಲ್ಲಿ ಬರೆಸಿಟ್ಟರೆ ಪ್ರತಿ ಸಲ ಅಳೆಯುವ ಶ್ರಮವಿಲ್ಲ, ನೆರೆಹೊರೆಯವರಿಗೂ ಉಪಯೋಗ.

5. ಒಂದು ಬಲ್ಬು, ಎರಡು ಫ್ಯೂಸು, ಒಂದು ರಿಲೇ ಗಾಡಿಯಲ್ಲಿ ಸದಾ ಇಟ್ಟುಕೊಳ್ಳುವುದು.

6. ಹಿಂದಿನ ಕೆಂಪು ದೀಪವನ್ನೂ ಟ್ರೇಲರಿನ ಪ್ರತಿಫಲಕವನ್ನೂ ಮರೆಯದಿರುವುದು. ನಾವು ಕಾಣುವುದರಷ್ಟೇ ನಾವು ಕಾಣಿಸಿಕೊಳ್ಳುವುದೂ ಮುಖ್ಯ.

ಊರಿನ ಹತ್ತು ಮಂದಿ ಸೇರಿ ಒಂದು ದಿನ ಒಬ್ಬರ ಕಣಕ್ಕೆ ಎಲೆಕ್ಟ್ರಿಷಿಯನ್ನನ್ನು ಕರೆಸಿಕೊಂಡರೆ ಎಲ್ಲರ ಗಾಡಿಯ ದೀಪವೂ ಒಂದೇ ದಿನದಲ್ಲಿ ಸರಿಯಾಗುತ್ತದೆ, ಕೂಲಿಯೂ ಹಂಚಿಹೋಗುತ್ತದೆ. ಹೀಗೆ ಸೇರಿ ಮಾಡುವುದರಲ್ಲಿ ಇನ್ನೊಂದು ಲಾಭವುಂಟು. ನಮ್ಮ ಗಾಡಿಯ ದೀಪ ಸರಿಯಾದರೆ ಅನುಕೂಲ ನಮಗೆ ಮಾತ್ರವಲ್ಲ. ತಿರುವಿನಲ್ಲಿ ನಮಗೆ ಎದುರಾಗುವುದು ಅದೇ ಊರಿನ ಇನ್ನೊಂದು ಗಾಡಿ.